ಹೆಪ್ಪಿಗೊಂದು ಆಂಪ್ಲಿಫೈಯರ್

ಹಳೆ ಹೋಮ್ ಥಿಯೇಟರ್ ರಿಸೀವರ್ ಬದಲಾಯಿಸೋಣ ಅಂದಾಗ ನನ್ನಾಕೆ ದುಡ್ಡಿನ ಮಾತೇ ಎತ್ತಲಿಲ್ಲ. ನನಗೆ ಎದೆ ಢವಢವ ಅಂದಿದ್ದು ಅದಕ್ಕೇ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಸದು ಬಿಸಿಯಾಗುತ್ತೇನ್ರೀ?" ಅಂದಳು.

ಈ ಪ್ರಶ್ನೆಯ ಹಿಂದೆ ಹದಿಮೂರು ಚಳಿಗಾಲಗಳ ಇತಿಹಾಸವಿದೆ. ನಾವಿರುವುದು ವೆಲ್ವಿನ್ ಗಾರ್ಡನ್ ಸಿಟಿಯಲ್ಲಿ, ಲಂಡನ್ನಿನ ಕಿಂಗ್ಸ್ ಕ್ರಾಸಿನಿಂದ ರೈಲಿನಲ್ಲಿ ಅರ್ಧ ಗಂಟೆ. ನವೆಂಬರ್ ಬಂತೆಂದರೆ ಇಲ್ಲಿ ಹಾಲು ಹೆಪ್ಪಾಗುವುದಿಲ್ಲ. ಹಾಲಾಗಿಯೇ ಮಲಗಿ ಹಾಲಾಗಿಯೇ ಏಳುತ್ತದೆ. ಓವನ್ನಿನ ದೀಪ ಹಚ್ಚಿ ಅದರೊಳಗಿಟ್ಟೆವು. ಬಾಯ್ಲರ್ ಇರುವ ಬೀರುವಿನಲ್ಲಿಟ್ಟೆವು. ಮಗನ ಹಳೇ ಸ್ವೆಟರ್ ತೊಡಿಸಿ, ಮೇಲೊಂದು ಟೊಪ್ಪಿ ಹಾಕಿಯೂ ಇಟ್ಟೆವು. ಕಡೆಗೊಂದು ರಾತ್ರಿ ಎಲ್ಲೂ ಜಾಗವಿಲ್ಲದೆ ರಿಸೀವರಿನ ನೆತ್ತಿಯ ಮೇಲಿಟ್ಟಿದ್ದ ಪಾತ್ರೆ ಬೆಳಿಗ್ಗೆ ನೋಡಿದರೆ, ಬೋರಲು ಹಾಕಿದರೂ ಬೀಳದಂಥ ಗಟ್ಟಿ ಮೊಸರು. ಅವತ್ತಿನಿಂದ ಅದರಲ್ಲಿ ಸಿನಿಮಾದ ಸದ್ದೂ ಬರುತ್ತದೆ ಅನ್ನುವುದು ಮನೆಯವರಿಗೆ ಮರೆತೇ ಹೋಯಿತು. ಮೊಸರುಪೆಟ್ಟಿಗೆ ಅಂತಲೇ ಹೆಸರಾಯಿತು. ನೀರು ತುಂಬಿದ ಹೂದಾನಿಯಂಥ ಪದಾರ್ಥ ಇದರ ಮೇಲಿಡಬಾರದು ಎಂದು ಕೈಪಿಡಿಯಲ್ಲಿ ಬರೆದಿದ್ದನ್ನು ತೋರಿಸಿದೆ. "ಹೂದಾನಿ ತಾನೆ? ನಾವೆಲ್ಲಿ ಇಡ್ತಿದ್ದೀವಿ?" ಅಂದಳು.

ಬದಲಾಯಿಸಲು ನನಗೂ ಕಾರಣವಿತ್ತು. ಹೊಸ ಟಿವಿ ಬಂದಿತ್ತು. 2012ರ ರಿಸೀವರಿಗೆ ಅದರ 4ಕೆ ಭಾಷೆ ಅರ್ಥವಾಗುತ್ತಿರಲಿಲ್ಲ. ಮಗನ ಗೇಮಿಗೆ ಬೇಕಾದದ್ದು ಎಚ್‌ಡಿಎಂಐ 2.1, ಇದರಲ್ಲಿದ್ದದ್ದು ಅದರ ತಾತನ ಕಾಲದ್ದು. ಅಷ್ಟಕ್ಕೆ ಒಂದು ರಿಸೀವರ್ ಸಾಕಿತ್ತು. ಆದರೆ ನನ್ನ ಕಣ್ಣು ಜೊತೆಗೊಂದು ಸ್ಟೀರಿಯೋ ಆಂಪ್ಲಿಫೈಯರಿನ ಮೇಲಿತ್ತು. ಊರಿಂದ ಅಪ್ಪ ಅಮ್ಮ ಆರು ತಿಂಗಳ ವೀಸಾದಲ್ಲಿ ಬರುವವರಿದ್ದರು. "ಅಪ್ಪನಿಗೆ ಮಲ್ಲಿಕಾರ್ಜುನ ಮನ್ಸೂರರನ್ನ ಸರಿಯಾಗಿ ಕೇಳಿಸ್ಬೇಕು ಕಣೇ" ಅಂದೆ. ಅಪ್ಪನನ್ನು ಹೀಗೆ ಉಪಯೋಗಿಸಿಕೊಂಡದ್ದು ಇದೇ ಮೊದಲೇನಲ್ಲ.

ಒಂಬತ್ತು ಚಾನೆಲ್ಲಿನ ರಿಸೀವರ್ ಇರುವಾಗ ಎರಡೇ ಚಾನೆಲ್ಲಿನದು ಇನ್ನೊಂದೇಕೆ ಎಂದರೆ, ರಿಸೀವರ್ ಒಂದು ಅವಿಭಕ್ತ ಕುಟುಂಬ. ದುಡಿಯುವುದು ಒಂದೇ ಪವರ್ ಸಪ್ಲೈ, ಉಣ್ಣುವ ಬಾಯಿ ಒಂಬತ್ತು. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಚಾನೆಲ್ಲಿಗೆ 100 ವ್ಯಾಟ್ ಎಂದಿರುತ್ತದೆ. ಕೆಳಗೆ ಇರುವೆಯಕ್ಷರದಲ್ಲಿ, ಎರಡು ಚಾನೆಲ್ ಮಾತ್ರ ನಡೆಯುವಾಗ ಎಂದಿರುತ್ತದೆ. ತಲೆಗೆ ಹತ್ತು ಹೋಳಿಗೆ ಬಡಿಸ್ತೀನಿ, ಆದರೆ ಪಂಕ್ತಿಯಲ್ಲಿ ಇಬ್ಬರೇ ಕೂರಬೇಕು ಅಂತ ಅಡುಗೆ ಭಟ್ಟರು ಹೇಳಿದ ಹಾಗೆ. ಅದಕ್ಕೇ ಬಲ್ಲವರು ಮುಂದಿನ ಎರಡು ಸ್ಪೀಕರಿಗೆ ಬೇರೆ ಸಂಸಾರ ಹೂಡಿಸುತ್ತಾರೆ. ರಿಸೀವರಿನ ಪ್ರೀ-ಔಟಿನಿಂದ ಎರಡು ವೈರು ತಂದು ಆಂಪ್ಲಿಫೈಯರಿಗೆ ಕೊಟ್ಟರಾಯಿತು. ಸಿನಿಮಾ ಹಾಕಿದಾಗ ಬೈಪಾಸ್ ಒತ್ತಿದರೆ ಅದರ ವಾಲ್ಯೂಮ್ ಪಕ್ಕಕ್ಕೆ ಸರಿದು, ಯಜಮಾನಿಕೆ ರಿಸೀವರಿಗೇ ಹೋಗುತ್ತದೆ. ಹಾಡು ಕೇಳುವಾಗ ಆಂಪ್ಲಿಫೈಯರ್ ಸ್ವತಂತ್ರ. ಮನೆ ಬೇರೆಯಾದರೂ ಹಬ್ಬಕ್ಕೆ ಒಟ್ಟಿಗೇ ಊಟ.

ಅಂಗಡಿಯಾತ ಒಳ್ಳೆಯ ಮನುಷ್ಯ. ಕ್ಲಾಸ್-ಡಿ ಆಂಪ್ಲಿಫೈಯರ್ ತೋರಿಸಿ, ಹಗುರ, ಕರೆಂಟು ಕಡಿಮೆ, ರಾತ್ರಿಯೆಲ್ಲ ಹಾಕಿದರೂ ತಣ್ಣಗಿರುತ್ತದೆ ಎಂದು ಹೊಗಳಿದ. ತಣ್ಣಗೆ ಅಂದದ್ದೇ ನನ್ನಾಕೆ ಅಲ್ಲಿಂದ ಎದ್ದಳು. ಸಾಲಾಗಿ ಹಚ್ಚಿಟ್ಟಿದ್ದ ಆಂಪ್ಲಿಫೈಯರುಗಳ ನೆತ್ತಿಯ ಮೇಲೆ, ಮಕ್ಕಳಿಗೆ ಜ್ವರ ನೋಡುವ ಹಾಗೆ ಹಿಂಗೈ ಇಡುತ್ತ ನಡೆದಳು. ನಾಲ್ಕನೆಯದರ ಹತ್ತಿರ ನಿಂತಳು. ಹದಿನಾಲ್ಕು ಕಿಲೋದ ಕ್ಲಾಸ್-ಎಬಿ. ಇನ್ನೊಮ್ಮೆ ಮುಟ್ಟಿ ನೋಡಿ, "ಇದು" ಅಂದಳು.

ಅಂಗಡಿಯಾತನ ಮುಖ ಅರಳಿತು. "ಮೇಡಂಗೆ ವಾರ್ಮ್ ಸೌಂಡ್ ಇಷ್ಟ ಅನ್ಸುತ್ತೆ!"

"ಹೌದು, ಬೆಳಗಿನ ತನಕ ವಾರ್ಮ್ ಇರ್ಬೇಕು" ಅಂದಳು.

ಇಂಥ ಕಿವಿಯುಳ್ಳ ಹೆಂಡತಿ ಸಿಕ್ಕಿದ್ದಕ್ಕೆ ಆತ ನನ್ನ ಕೈಕುಲುಕಿದ.

ಅಪ್ಪ ಅಮ್ಮ ಬಂದಿಳಿದರು. ನಮ್ಮ ಹಾಸನದ ಮನೆಯಲ್ಲಿದ್ದ ಮರ್ಫಿ ರೇಡಿಯೋದ ಕಂಪನಿ 1929ರಲ್ಲಿ ಹುಟ್ಟಿದ್ದು ಇದೇ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿ ಎಂದು ಹೇಳಿದ್ದೇ ತಡ, ಅಪ್ಪ ಊರಿಗೆ ಫೋನ್ ಹಚ್ಚಿ, ಮರ್ಫಿಯ ತವರುಮನೆಗೆ ಬಂದಿದ್ದೀನಿ ಎಂದು ಎಲ್ಲರಿಗೂ ಹೇಳಿದರು. ಮೂವತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಹೊಸ ರಿಸೀವರಿನ ಮುಂದೆ ಕೂತು ಕನ್ನಡಕ ಸರಿಮಾಡಿಕೊಂಡರು.

"ಸದ್ದು ಬರ್ತಾ ಇದೆ, ಇಲ್ಲಿ ಮೈನಸ್ ಮೂವತ್ತೈದು ಅಂತಿದೆ. ಯಾರ ಹತ್ರ ಸಾಲ ಮಾಡಿದೆಯೋ ಇದು?"

ಚಿತ್ರಮಂದಿರದ ಸದ್ದಿನ ಮಟ್ಟಕ್ಕೆ ಸೊನ್ನೆ ಎಂದಿಟ್ಟುಕೊಂಡು ಅಲ್ಲಿಂದ ಕೆಳಗೆ ಎಣಿಸುವುದು, ಲೆಕ್ಕ ಡೆಸಿಬೆಲ್ಲಿನಲ್ಲಿ ಅಂದೆ. "ಲಾಗರಿದಮ್ ಅಂತ ಮೊದಲೇ ಹೇಳೋಕೇನು?" ಎಂದು ಗದರಿದರು. ಆಮೇಲೆ, ಹೊಸ ಆಂಪ್ಲಿಫೈಯರ್ ಎಷ್ಟು ವ್ಯಾಟು, ಹಳೆಯದೆಷ್ಟು ಎಂದು ಕೇಳಿದರು. ನಾನು ಹೆಮ್ಮೆಯಿಂದ 160, 80 ಅಂದೆ. ಅಪ್ಪ ಸೀಲಿಂಗ್ ನೋಡಿದರು. "ಲಾಗ್ ಎರಡು, ಸೊನ್ನೆ ಪಾಯಿಂಟ್ ಮೂರು ಸೊನ್ನೆ ಒಂದು ಸೊನ್ನೆ. ಹತ್ತರಿಂದ ಗುಣಿಸಿದ್ರೆ ಮೂರು. ಮೂರೇ ಡೆಸಿಬೆಲ್ಲಿಗೆ ಇಷ್ಟು ದುಡ್ಡು ಸುರಿದ್ಯಾ?" ಕಿವಿಗೆ ಸದ್ದು ದುಪ್ಪಟ್ಟು ಅನ್ನಿಸಲು ಹತ್ತು ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟು, ಅನ್ನುವುದನ್ನು ನಾನಾಗಿ ಬಾಯಿ ಬಿಡಲಿಲ್ಲ.

ಭಾನುವಾರ ರಿಸೀವರಿಗೆ ಕೋಣೆಯ ಪರಿಚಯ ಮಾಡಿಸಬೇಕಿತ್ತು. ಕಾಗದದ ಗೋಪುರದ ತುದಿಗೆ ಪುಟಾಣಿ ಮೈಕ್ ಸಿಕ್ಕಿಸಿ ಎಂಟು ಕಡೆ ಇಡಬೇಕು. ಒಂದೊಂದು ಕಡೆಯೂ ಎಲ್ಲ ಸ್ಪೀಕರು ಸರದಿಯಂತೆ ಚುಯ್ಯ್ ಚುಯ್ಯ್ ಎನ್ನುತ್ತವೆ. ಅಲ್ಲಿಯವರೆಗೆ ಯಾರೂ ಪಿಟಕ್ಕೆನ್ನುವಂತಿಲ್ಲ. ಉಸ್ತುವಾರಿ ಅಪ್ಪನದು. ಬಾಗಿಲಲ್ಲಿ ನಿಂತು ತುಟಿಗೆ ಬೆರಳಿಟ್ಟು ಎಲ್ಲರನ್ನೂ ದುರುಗುಟ್ಟಿ ನೋಡುತ್ತಿದ್ದರು. ಕೂದಲೂ ಅಷ್ಟರಲ್ಲೇ ಇತ್ತು. ಥೇಟ್ ಮರ್ಫಿ ಜಾಹೀರಾತಿನ ಮಗು. ಅಮ್ಮನಿಗೆ ಅದು ಹೊಳೆದು ನಗು ತಡೆಯಲಾಗದೆ ಐದನೆಯ ಅಳತೆ ಕೆಟ್ಟಿತು. ಮತ್ತೆ ಮೊದಲಿಂದ.

ಎಲ್ಲ ಮುಗಿದ ಮೇಲೆ ಪರದೆಯಲ್ಲಿ ಒಂದೊಂದು ಸ್ಪೀಕರಿನ ದೂರ ಬಂತು. ಅಪ್ಪ ಟೇಪು ಹಿಡಿದು ತಾಳೆ ನೋಡಿದರು. ಎಲ್ಲ ಸರಿ, ಸಬ್‌ವೂಫರ್ ಮಾತ್ರ ಟೇಪಿನಲ್ಲಿ ಹನ್ನೊಂದು ಅಡಿ, ಯಂತ್ರದಲ್ಲಿ ಹದಿನೆಂಟು. ಗೋಡೆಯಾಚೆ ಪಕ್ಕದ ಮನೆಯಲ್ಲಿಟ್ಟ ಲೆಕ್ಕ. ಅದರೊಳಗಿನ ಸರ್ಕ್ಯೂಟಿನಿಂದ ಸದ್ದು ಹೊರಡುವುದು ತಡವಾಗುತ್ತದೆ, ಆ ತಡವನ್ನು ಯಂತ್ರ ದೂರ ಎಂದು ತಿಳಿಯುತ್ತದೆ ಎಂದು ವಿವರಿಸಿದೆ. ಅಪ್ಪನಿಗೆ ಇದು ಹಿಡಿಸಿತು. "ನಮ್ಮ ಸ್ಕೂಲಲ್ಲೂ ಹೀಗೇನೇ. ಮೂರು ಮೈಲಿ ನಡೆದು ಬರೋರು ಪ್ರಾರ್ಥನೆಗೆ ಇರ್ತಿದ್ರು. ಎದುರುಮನೆ ಹುಡುಗ ಎರಡನೇ ಪೀರಿಯಡ್ಡಿಗೆ."

ಅಂದು ರಾತ್ರಿ ಅಮ್ಮ ಹೊಸ ಆಂಪ್ಲಿಫೈಯರಿನ ಗಾಳಿಕಿಂಡಿ ಮುಚ್ಚದ ಹಾಗೆ ಸ್ಟೀಲ್ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಹಾಲಿನ ಪಾತ್ರೆ ಇಟ್ಟು, ಕೈಮುಗಿದು ಮಲಗಿದರು. ಬೆಳಿಗ್ಗೆ ಹಾಲು ಹಾಲಾಗಿಯೇ ಇತ್ತು. ಪೆಟ್ಟಿಗೆ ಐಸಿನಂತೆ ಕೊರೆಯುತ್ತಿತ್ತು. ನನ್ನಾಕೆ ನನ್ನನ್ನು ನೋಡಿದ ನೋಟದಲ್ಲಿ ಅಂಗಡಿಯ ರಸೀದಿಯ ಅಷ್ಟೂ ಅಂಕಿಗಳು ಕಂಡವು.

ತಪ್ಪು ಯುರೋಪಿನದು. ವಿದ್ಯುತ್ ಉಳಿಸಬೇಕೆಂದು 2013ರಿಂದ ಅಲ್ಲಿ ನಿಯಮ ಮಾಡಿದ್ದಾರೆ. ಕೆಲಸವಿಲ್ಲದ ಯಂತ್ರ ತಾನಾಗಿಯೇ ಮಲಗಬೇಕು. ನಮ್ಮದು ಇಪ್ಪತ್ತು ನಿಮಿಷ ಹಾಡಿಲ್ಲದಿದ್ದರೆ ಕಣ್ಣು ಮುಚ್ಚುತ್ತದೆ. ಹಳೆಯದು ನಿಯಮಕ್ಕಿಂತ ಒಂದು ವರ್ಷ ಹಿರಿಯದು, ಆರಿಸುವವರೆಗೂ ಉರಿಯುತ್ತಿತ್ತು. ಮೆನುವಿನೊಳಗೆ ಹೋಗಿ ಈ ನಿದ್ದೆಯನ್ನು ತಪ್ಪಿಸಬಹುದು ಎಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, "ಹಾಡಿದ್ರೆ ಎಚ್ಚರ ಇರುತ್ತಾ? ಹಾಗಾದ್ರೆ ರಾತ್ರಿಯೆಲ್ಲ ಹಾಡ್ಲಿ ಬಿಡು" ಅಂದರು. ತೆರೆದ ಬಾಯಿ ಮುಚ್ಚಿದೆ.

ಮಗ ಏಳು ಗಂಟೆಯ ಪ್ಲೇಲಿಸ್ಟ್ ಮಾಡಿ 'ಮೊಸರು' ಅಂತ ಹೆಸರಿಟ್ಟ. ಮನ್ಸೂರರು, ಭೀಮಸೇನ ಜೋಶಿ, ನಡುನಡುವೆ ಬರೀ ತಂಬೂರಿ. ಅಪ್ಪ, ಮರ್ಫಿಯ ಮೇಲೆ ನಮ್ಮ ಬೆಕ್ಕು ಮಲಗುತ್ತಿದ್ದದ್ದೂ ಅದರ ಬಲ್ಬುಗಳ ಕಾವಿಗೇ ಅಂತ ನೆನಪು ಮಾಡಿಕೊಂಡರು. ಮಾರನೆಯ ದಿನದ ಮೊಸರನ್ನು ಚಾಕುವಿನಲ್ಲಿ ಕೊಯ್ಯಬೇಕಾಯಿತು.

ಮೊನ್ನೆ ರಾತ್ರಿ ಎರಡು ಗಂಟೆಗೆ ನೀರು ಕುಡಿಯಲು ಕೆಳಗಿಳಿದೆ. ನಡುಮನೆಯಲ್ಲಿ ಕತ್ತಲು, ಆಂಪ್ಲಿಫೈಯರಿನ ಒಂದು ಹಸಿರು ದೀಪ, ಮೇಲೊಂದು ಮುಚ್ಚಿದ ಪಾತ್ರೆ. ಸೋಫಾದ ನಡುಮಧ್ಯೆ, ಎರಡು ಸ್ಪೀಕರಿಗೂ ಸರಿಸಮ ದೂರದಲ್ಲಿ ಕೂತೆ. ಹೊಸ ಆಂಪ್ಲಿಫೈಯರ್ ಬಂದ ಮೇಲೆ ಆ ಜಾಗ ನನಗೆ ಸಿಕ್ಕಿದ್ದು ಅದೇ ಮೊದಲು. ಮನ್ಸೂರರು ಎದುರಿಗೇ ಕೂತಂತೆ, ತಂಬೂರಿ ಅವರ ಬೆನ್ನ ಹಿಂದೆ ಸ್ವಲ್ಪ ಎಡಕ್ಕೆ. ಒಂದೇ ಒಂದು ಕಡ್ಡಿಯಷ್ಟು ಜೋರು ಮಾಡೋಣವೆಂದು ಗುಂಡಿಗೆ ಕೈಯಿಟ್ಟೆ.

"ಪಾತ್ರೆ ಅಲ್ಲಾಡಿಸ್ಬೇಡ ಕಣೋ!" ಎಂದು ಮಹಡಿಯಿಂದ ಅಮ್ಮನ ದನಿ ಬಂತು.