ಅಕ್ಕಾ, ಶನಿವಾರ ಸಿನಿಮಾಕ್ಕೆ ಬನ್ನಿ

ಅಕ್ಕಾ, ಬಟ್ಟೆ ಆಮೇಲೆ ಒಣಗಿಹಾಕೋರಂತೆ, ಸ್ವಲ್ಪ ಈ ಕಾಂಪೌಂಡ್ ಹತ್ರ ಬನ್ನಿ. ನಿನ್ನೆ ನೀವು ಕೇಳಿದ ಮಾತು ತಲೆಯಲ್ಲೇ ಕೂತುಬಿಟ್ಟಿದೆ. "ಪ್ರಪಂಚದ ಸಿನಿಮಾ ಎಲ್ಲಾ ಮೊಬೈಲಿನಲ್ಲೇ ಬರುತ್ತಲ್ಲ, ಅದಕ್ಕೋಸ್ಕರ ವಸಂತಪುರದಿಂದ ಬನಶಂಕರಿವರೆಗೂ ಹೋಗ್ಬೇಕೇನ್ರೀ?" ಅಂದ್ರಿ. ಹೋಗ್ಬೇಕು ಅಕ್ಕಾ. ಯಾಕೆ ಅಂತ ಹೇಳ್ತೀನಿ ಕೇಳಿ.

ನಾನು ಹೋಗೋದು ಸುಚಿತ್ರಕ್ಕೆ. ಕೋಣನಕುಂಟೆ ಕ್ರಾಸಿನಲ್ಲಿ ಮೆಟ್ರೋ ಹತ್ತಿದರೆ ಮೂರನೇ ಸ್ಟೇಷನ್ನೇ ಬನಶಂಕರಿ. ಅಲ್ಲಿಂದ ಆಟೋ. 1971ರಲ್ಲಿ ಸಿನಿಮಾ ಹುಚ್ಚು ಹತ್ತಿದ ಒಂದಷ್ಟು ಜನ ಸೇರಿ ಕಟ್ಟಿದ ಫಿಲ್ಮ್ ಸೊಸೈಟಿ ಅದು. ಬನಶಂಕರಿ ಎರಡನೇ ಹಂತದಲ್ಲಿ ಈಗಿರುವ ಕಟ್ಟಡಕ್ಕೆ ಅಡಿಗಲ್ಲು ಇಟ್ಟವರು ಯಾರು ಗೊತ್ತಾ? ಸತ್ಯಜಿತ್ ರಾಯ್! ನಮ್ಮ ಊರಿನ ಸಾಮಾನ್ಯ ಜನ ತಮ್ಮ ಸದಸ್ಯತ್ವದ ದುಡ್ಡು ಹಾಕಿ ಬೆಳೆಸಿದ ಜಾಗ. ಒಂದೇ ಆವರಣದಲ್ಲಿ ಸಿನಿಮಾ, ನಾಟಕ, ಸಂಗೀತ, ಪುಸ್ತಕ ಬಿಡುಗಡೆ ಎಲ್ಲಾ ನಡೆಯುತ್ತೆ. ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವ 2006ರಲ್ಲಿ ಶುರುವಾದಾಗ ಅದಕ್ಕೆ ಹೆಗಲು ಕೊಟ್ಟಿದ್ದೂ ಇದೇ ಸುಚಿತ್ರ.

ಈಗ ಮೊಬೈಲಿನ ಮಾತು. 'ಬೈಸಿಕಲ್ ಥೀವ್ಸ್' ಅಂತ ಒಂದು ಇಟಲಿ ಸಿನಿಮಾ, 1948ರದ್ದು, ವಿಟ್ಟೋರಿಯೋ ಡಿ ಸಿಕಾ ಮಾಡಿದ್ದು. ಯುದ್ಧ ಮುಗಿದಿರುತ್ತೆ, ರೋಮ್ ನಗರದಲ್ಲಿ ಕೆಲಸ ಇಲ್ಲ. ಆಂಟೋನಿಯೋ ಅನ್ನೋನಿಗೆ ಗೋಡೆಗೆ ಪೋಸ್ಟರ್ ಅಂಟಿಸೋ ಕೆಲಸ ಸಿಗುತ್ತೆ, ಆದರೆ ಸೈಕಲ್ ಇರಲೇಬೇಕು. ಸೈಕಲ್ ಗಿರವಿ ಅಂಗಡಿಯಲ್ಲಿದೆ. ಹೆಂಡತಿ ಹಾಸಿಗೆಯ ಮೇಲಿನ ಬೆಡ್‌ಶೀಟುಗಳನ್ನೇ ಎಳೆದು, ಗಂಟು ಕಟ್ಟಿ ಗಿರವಿಗೆ ಕೊಡ್ತಾಳೆ. ಅಂಗಡಿಯ ಆಳು ಆ ಗಂಟು ಹೊತ್ತು ಏಣಿ ಹತ್ತುತ್ತಾನೆ. ಕ್ಯಾಮೆರಾ ಅವನ ಜೊತೆ ಮೇಲೆ ಹೋಗುತ್ತೆ, ಹೋಗುತ್ತೆ, ಹೋಗ್ತಾನೇ ಇರುತ್ತೆ. ಸೂರು ಮುಟ್ಟೋವರೆಗೂ ಅಟ್ಟದ ಮೇಲೆ ಅಟ್ಟ, ಎಲ್ಲದರಲ್ಲೂ ಬರೀ ಗಂಟುಗಳು. ಊರಿನ ಎಷ್ಟು ಮನೆಯವರು ಬರೀ ಹಾಸಿಗೆಯ ಮೇಲೆ ಮಲಗ್ತಿದ್ದಾರೆ ಅಂತ ಒಂದೇ ಒಂದು ಮಾತಿಲ್ಲದೆ ಗೊತ್ತಾಗಿಬಿಡುತ್ತೆ. ಅಂಗೈಯಗಲದ ಮೊಬೈಲಿನಲ್ಲಿ ಆ ಎತ್ತರ ಎಲ್ಲಿ ಕಾಣುತ್ತೆ ಹೇಳಿ? ದೊಡ್ಡ ಪರದೆ ಮುಂದೆ ಕತ್ತೆತ್ತಿ ನೋಡಬೇಕು. ಸುಚಿತ್ರದಲ್ಲಿ ನಾನು ನೋಡಿದಾಗ ಇಡೀ ಹಾಲಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು. ಮನೆಯಲ್ಲಾದರೆ ಅಷ್ಟು ಹೊತ್ತಿಗೆ ಕುಕ್ಕರ್ ಕೂಗಿರುತ್ತೆ, ಕೊರಿಯರ್ ಹುಡುಗ ಬೆಲ್ ಮಾಡಿರ್ತಾನೆ.

ಇನ್ನೊಂದು ವಿಷಯ. ಆಂಟೋನಿಯೋ ಸೈಕಲ್ ಕಳವಾಗೋ ಹೊತ್ತಿಗೆ ಅವನು ಗೋಡೆಗೆ ಅಂಟಿಸ್ತಿರೋದು ಹಾಲಿವುಡ್ ತಾರೆ ರೀಟಾ ಹೇವರ್ತ್ ಪೋಸ್ಟರು, 'ಗಿಲ್ಡಾ' ಸಿನಿಮಾದ್ದು. ಬಡವನ ಕಥೆಯ ನಟ್ಟನಡುವೆ ತಳುಕಿನ ಸಿನಿಮಾ! ಕಲಾತ್ಮಕ ಬೇರೆ, ಕಮರ್ಷಿಯಲ್ ಬೇರೆ ಅಂತ ನಾವು ಇಷ್ಟು ವರ್ಷ ಬೇಲಿ ಹಾಕಿಕೊಂಡು ಕೂತಿದ್ದೀವಿ. ಆ ಊರಿನ ಜನ ಎರಡರ ಜೊತೆಗೂ ಬದುಕಿದ್ದರು. ನಾವೂ ಅಷ್ಟೇ ಅಲ್ವಾ?

ಹ್ಞಾಂ, ನೀವು ಕೇಳ್ತೀರಿ ಅಂತ ಗೊತ್ತಿತ್ತು. "ಅಲ್ಲಿ ರಾಜ್‌ಕುಮಾರ್ ಸಿನಿಮಾ ಹಾಕಲ್ವಾ?" ಹಾಕಬೇಕು ಅಕ್ಕಾ, ಅದೇ ನನ್ನ ವಾದ. 'ಸಂಸ್ಕಾರ' 1970ರದ್ದು. ಪಟ್ಟಾಭಿರಾಮ ರೆಡ್ಡಿಯವರ ಆ ಸಿನಿಮಾಕ್ಕೆ ರಾಷ್ಟ್ರಪತಿಗಳ ಚಿನ್ನದ ಪದಕ ಬಂತು. 1972ರಲ್ಲಿ ರಾಜ್‌ಕುಮಾರ್ ನಟಿಸಿದ, ಸಿದ್ದಲಿಂಗಯ್ಯನವರ 'ಬಂಗಾರದ ಮನುಷ್ಯ' ಬಂತು, ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಅದೇ ವರ್ಷ ಪುಟ್ಟಣ್ಣನವರ 'ನಾಗರಹಾವು'. 'ಸಂಸ್ಕಾರ'ದಲ್ಲಿ ಅಗ್ರಹಾರ ಕೊಳೀತಾ ಇದೆ, 'ಬಂಗಾರದ ಮನುಷ್ಯ'ದಲ್ಲಿ ಓದಿದ ಹುಡುಗ ಹಳ್ಳಿಗೆ ಬಂದು ಬಂಜರು ನೆಲ ಉಳ್ತಾನೆ. ಇವನ್ನು ಒಂದು ಶನಿವಾರ ಅದು, ಮುಂದಿನ ಶನಿವಾರ ಇದು ಅಂತ ಒಂದೇ ಹಾಲಿನಲ್ಲಿ ತೋರಿಸಿ ನೋಡಿ. ಆ ಕಾಲದ ಕರ್ನಾಟಕ ಏನು ಯೋಚನೆ ಮಾಡ್ತಿತ್ತು ಅಂತ ಪೂರ್ತಿ ಗೊತ್ತಾಗುತ್ತೆ. ಬರೀ ಒಂದನ್ನೇ ನೋಡಿದರೆ ಅರ್ಧ ಚಿತ್ರ. ಜಯನಗರದ ನಂದಾ ಟಾಕೀಸು ಹೋಯ್ತು, ಶಾಪಿಂಗ್ ಕಾಂಪ್ಲೆಕ್ಸಿನಲ್ಲಿದ್ದ ಪುಟ್ಟಣ್ಣ ಥಿಯೇಟರೂ ಹೋಯ್ತು. ಇನ್ನು ಹಳೇ ಕನ್ನಡ ಸಿನಿಮಾನ ದೊಡ್ಡ ಪರದೆ ಮೇಲೆ ನಮ್ಮ ಮಕ್ಕಳು ನೋಡೋದು ಎಲ್ಲಿ? ಮಾಲಿನಲ್ಲಂತೂ ಹಾಕೋದೇ ಅಪರೂಪ.

ಭಾಷೆ ಬರಲ್ಲ, ಕೆಳಗೆ ಬರೋ ಇಂಗ್ಲಿಷ್ ಓದೋ ಅಷ್ಟರಲ್ಲಿ ಹೋಗಿಬಿಡುತ್ತೆ ಅಂತೀರಿ. ನ್ಯಾಯವಾದ ಮಾತು. ಆದರೆ ಅದಕ್ಕೂ ದಾರಿ ಇದೆ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ನೀನಾಸಮ್ ಅಂತ ನಾಟಕದ ಸಂಸ್ಥೆ ಇದೆಯಲ್ಲ. ಕೆ. ವಿ. ಸುಬ್ಬಣ್ಣನವರು 1973ರಲ್ಲೇ ಅಲ್ಲೊಂದು ಚಿತ್ರಸಮಾಜ ಶುರುಮಾಡಿದರು. ಅಡಿಕೆ ತೋಟದ ಜನಕ್ಕೆ, ಕೂಲಿ ಕೆಲಸದವರಿಗೆ ಜಪಾನಿನ ಕುರೊಸಾವ, ಸ್ವೀಡನ್ನಿನ ಬರ್ಗ್‌ಮನ್, ನಮ್ಮ ರಾಯ್ ಎಲ್ಲರ ಸಿನಿಮಾನೂ ತೋರಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳ್ತಿದ್ದ ಸತೀಶ್ ಬಹಾದ್ದೂರ್ ಹೆಗ್ಗೋಡಿಗೇ ಬಂದು ಸಿನಿಮಾ ನೋಡೋದು ಹೇಗೆ ಅಂತ ಕಲಿಸಿದರು. ಸಿನಿಮಾಕ್ಕೆ ಮುಂಚೆ ಕನ್ನಡದಲ್ಲಿ ಪರಿಚಯದ ನಾಲ್ಕು ಮಾತು ಇರೋದು. ಹಳ್ಳಿಯವರಿಗೆ ಇದೆಲ್ಲ ತಿಳಿಯಲ್ಲ ಅಂತ ಪೇಟೆಯವರು ತಿಳಿದುಕೊಂಡಿದ್ದು ಸುಳ್ಳಾಯ್ತು. ಆ ನಾಲ್ಕು ಮಾತು ಬೆಂಗಳೂರಿನ ಪ್ರತಿ ಪ್ರದರ್ಶನಕ್ಕೂ ಬೇಕು. ಇಂಗ್ಲಿಷಿನಲ್ಲಿ ಪರಿಚಯ ಮಾಡಿ ಇಂಗ್ಲಿಷಿನಲ್ಲೇ ಚರ್ಚೆ ಮುಗಿಸಿದರೆ ನಿಮ್ಮಂಥವರು ಎರಡನೇ ಸಲ ಬರೋದಿಲ್ಲ, ಬರದೇ ಇರೋದು ನಿಮ್ಮ ತಪ್ಪೂ ಅಲ್ಲ.

ಇನ್ನೊಂದು ಕೇಳಿ, ನಿಮಗೆ ಖಂಡಿತ ಇಷ್ಟ ಆಗುತ್ತೆ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗಲ್ಲ ಅಂದುಕೊಂಡ ಅಜ್ಜಿ ಕಥೆ ನಿಮಗೆ ಗೊತ್ತಲ್ಲ? ಅಂಥದ್ದೇ ಒಂದು ಜನಪದ ಕಥೆ ಇಟ್ಟುಕೊಂಡು ಚಿದಾನಂದ ನಾಯ್ಕ ಅನ್ನೋ ನಮ್ಮ ಕನ್ನಡದ ಹುಡುಗ ಪುಣೆಯಲ್ಲಿ ಓದುವಾಗ ಒಂದು ಕಿರುಚಿತ್ರ ಮಾಡಿದ. ಮುದುಕಿ ಹುಂಜ ಕದ್ದುಬಿಡ್ತಾಳೆ, ಊರಿಗೆ ಸೂರ್ಯನೇ ಹುಟ್ಟೋದಿಲ್ಲ. 2024ರಲ್ಲಿ ಅದಕ್ಕೆ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿಗಳ ಸಿನಿಮಾ ವಿಭಾಗದ ಮೊದಲ ಬಹುಮಾನ ಬಂತು. ಅದೇ ವರ್ಷ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ', 1977ರ ಕಪ್ಪು ಬಿಳುಪು ಸಿನಿಮಾ, ಅದನ್ನು ಹೊಸದಾಗಿ ತೊಳೆದು ಸರಿಮಾಡಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಇಟಲಿಯವರು ದೊಡ್ಡ ಪರದೆ ಮೇಲೆ ಆ ಸಿನಿಮಾದ ಯಮುನಕ್ಕನನ್ನು ನೋಡಿದರು. ನಮ್ಮ ವಸಂತಪುರದ ಮಕ್ಕಳು ನೋಡಿಲ್ಲ. ಇದು ನನಗೆ ಸಂಕಟದ ವಿಷಯ ಅಕ್ಕಾ.

ಅದಕ್ಕೇ ಹೇಳೋದು. ಕನಕಪುರ ರಸ್ತೆ ಉದ್ದಕ್ಕೂ ಎಷ್ಟು ಕಾಲೇಜುಗಳಿವೆ ಅಂತ ನೀವೇ ನೋಡ್ತೀರಿ. ಒಳ್ಳೇ ಪ್ರೊಜೆಕ್ಟರು, ಮೆತ್ತನೆ ಸೀಟು, ಏಸಿ ಇರೋ ಸಭಾಂಗಣಗಳು. ಸಂಜೆ ಐದಾದ ಮೇಲೆ ಬೀಗ. ಹಿಂದೆ ಸಿನಿಮಾ ತರೋದು ಕಷ್ಟ ಇತ್ತು ನಿಜ. ರಾಯಭಾರ ಕಚೇರಿಗಳಿಗೆ ಪತ್ರ ಬರೀಬೇಕು, ಪುಣೆಯ ಫಿಲ್ಮ್ ಆರ್ಕೈವಿನಿಂದ ತಗಡಿನ ಡಬ್ಬಿಗಳಲ್ಲಿ ರೀಲು ತರಿಸಬೇಕು, ಹತ್ತು ಹನ್ನೊಂದು ನಿಮಿಷಕ್ಕೊಂದು ರೀಲು, ತುಂಡಾದರೆ ಅಂಟಿಸೋಕೆ ಕೈ ಪಳಗಿದ ಆಪರೇಟರ್ ಬೇಕು. ಈಗ ಒಂದು ಹಾರ್ಡ್‌ಡಿಸ್ಕಿನಲ್ಲಿ ಸಿನಿಮಾ ಬರುತ್ತೆ. ಹಕ್ಕು ಇರೋರಿಗೆ ದುಡ್ಡು ಕೊಟ್ಟು ಅನುಮತಿ ತಗೋಬೇಕು, ಎಲ್ಲಿಂದಲೋ ಡೌನ್‌ಲೋಡ್ ಮಾಡಿ ಹಾಕಬಾರದು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಸುರಿಯೋ ದುಡ್ಡಿನಲ್ಲಿ ಸ್ವಲ್ಪ ಉಳಿಸಿದರೆ ಇಡೀ ವರ್ಷಕ್ಕೆ ಆಗುತ್ತೆ ಅಂತ ನನ್ನ ನಂಬಿಕೆ.

ನಿಮ್ಮ ಸೊಸೆ ಕಾಲೇಜಿನಲ್ಲೇ ಪಾಠ ಮಾಡ್ತಾಳಲ್ಲ, ಅವಳಿಗೆ ಹೇಳಿ. ತಿಂಗಳಿಗೆ ಎರಡು ಶನಿವಾರ ಸಂಜೆ ಸಾಕು. ಒಂದು ವಾರ ಹೊರಗಿನ ಸಿನಿಮಾ, ಒಂದು ವಾರ ನಮ್ಮ ಕನ್ನಡದ್ದು. ಗೇಟಿನ ಸೆಕ್ಯೂರಿಟಿಯವರು ಐಡಿ ಕಾರ್ಡ್ ಕೇಳಬಾರದು, ಹೂವಿನ ಅಂಗಡಿಯವರೂ ಆಟೋದವರೂ ಒಳಗೆ ಬರಬೇಕು. ಸಿನಿಮಾ ಮುಗಿದ ಮೇಲೆ ಕನ್ನಡದಲ್ಲಿ ಹತ್ತು ನಿಮಿಷ ಮಾತು. ಪ್ರಿನ್ಸಿಪಾಲರಿಗೆ ಕಾಗದ ನಾನೇ ಬರೀತೀನಿ, ನೀವು ಸಹಿ ಹಾಕಿ, ಈ ಬೀದಿಯವರ ಸಹಿಯನ್ನೂ ಹಾಕಿಸೋಣ. ಅಲ್ಲಿವರೆಗೂ ಸುಚಿತ್ರ ಇದ್ದೇ ಇದೆ. ಈ ಶನಿವಾರ ಸಂಜೆ ಅಡುಗೆ ಬೇಗ ಮುಗಿಸಿ, ಇಬ್ಬರೂ ಹೋಗಿಬರೋಣ.