ಅಜ್ಜಿ ಕೇಳಿದ ಬಣ್ಣ

ಪಕ್ಕದ ಮನೆಯ ಅಜ್ಜಿಗೆ ಬೇಕಾಗಿದ್ದುದು ಗುಲಾಬಿ ಬಣ್ಣದ ಸಂಜೆಮಲ್ಲಿಗೆ. ನಮ್ಮ ಸಂಪಿನ ಪಕ್ಕದಲ್ಲಿ ಯಾರೂ ನೆಡದೆ, ಯಾರೂ ಸಾಕದೆ, ಮನೆಯ ಯಜಮಾನನಿಗಿಂತ ಹುಲುಸಾಗಿ ಬೆಳೆದ ಅಂಥದೊಂದು ಗಿಡವಿತ್ತು. ಅಜ್ಜಿ ಸಂಜೆಯಾದರೆ ಗೋಡೆಯಾಚೆಯಿಂದ ಅದನ್ನೇ ನೋಡುತ್ತ, "ಬೀಜ ಆದಾಗ ಒಂದಿಷ್ಟು ಕೊಡಪ್ಪ" ಅನ್ನುತ್ತಿದ್ದರು. ಕೊಟ್ಟೆ. ಬೇರೆ ಗಿಡದ್ದು ಸೇರದಂತೆ ಅದರ ಬುಡದಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಸೊಂಟ ಹಿಡಿದುಕೊಂಡರೂ ಬಿಡದೆ ಆರಿಸಿ ಕೊಟ್ಟೆ. ಮಳೆ ಬಿತ್ತು, ಬೀಜ ಮೊಳೆಯಿತು, ಹೂವೂ ಬಂತು. ಕೆಲವಕ್ಕೆ ಕೆಂಪು, ಕೆಲವಕ್ಕೆ ಬಿಳಿ, ಉಳಿದವಕ್ಕೆ ಗುಲಾಬಿ. ಅಜ್ಜಿ ಗೋಡೆಗೆ ಕೈಯೂರಿ, "ನಾನು ಕೇಳಿದ್ದೇನು, ನೀನು ಕೊಟ್ಟಿದ್ದೇನು?" ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಪಾಪ, ಈ ಹುಡುಗನಿಗೆ ಬಣ್ಣವೂ ತಿಳಿಯದಾಯಿತಲ್ಲ ಎಂಬ ಮರುಕವಿತ್ತು. ಹುಡುಗ ಅಂದರೆ ನಾನೇ. ತಲೆ ಪೂರಾ ನೆರೆತಿದೆ, ಅದು ಬೇರೆ ವಿಷಯ.

ಸಂಜೆಮಲ್ಲಿಗೆಯನ್ನು ನೀವೂ ನೋಡಿರುತ್ತೀರಿ. ಮಧ್ಯಾಹ್ನದ ನಿದ್ದೆ ಮುಗಿಸಿ ನಾವು ಕಾಫಿಗೆ ಏಳುವ ಹೊತ್ತಿಗೆ ಅದೂ ಏಳುತ್ತದೆ, ರಾತ್ರಿಯೆಲ್ಲ ಪತಂಗಗಳಿಗೆ ಆತಿಥ್ಯ ನೀಡಿ ಬೆಳಿಗ್ಗೆ ಬಿಸಿಲೇರುವಾಗ ಮುದುಡುತ್ತದೆ. ಉದ್ದ ಕೊಳವೆಯ ಹೂವಾದ್ದರಿಂದ ದಾರವಿಲ್ಲದೆಯೇ ಜಡೆಯಂತೆ ಹೆಣೆದು ಮುಡಿಯುವ ವಿದ್ಯೆ ನಮ್ಮ ಅಕ್ಕಂದಿರಿಗೆಲ್ಲ ಗೊತ್ತಿತ್ತು. ಹೆಸರಿನಲ್ಲಿ ಮಲ್ಲಿಗೆ ಇದ್ದರೂ ಅದರ ನೆಂಟಸ್ತಿಕೆ ಇರುವುದು ಬೋಗನ್‌ವಿಲ್ಲಾ ಮನೆತನದೊಂದಿಗೆ. ತವರು ಅಮೆರಿಕ ಖಂಡ. ನಾವು ದಳವೆಂದು ಕೊಂಡಾಡುವುದು ಶಾಸ್ತ್ರದ ಪ್ರಕಾರ ದಳವೇ ಅಲ್ಲ, ಪುಷ್ಪಪತ್ರ. ಬೀಜವೋ, ಕಣ್ಣಳತೆಗೆ ಥೇಟ್ ಕರಿಮೆಣಸು. ಒಮ್ಮೆ ಅದನ್ನು ಬಾಟಲಿಯಲ್ಲಿ ತುಂಬಿ ಅಡುಗೆಮನೆಯ ಗೂಡಿನಲ್ಲಿಟ್ಟಿದ್ದೆ. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಅಮ್ಮ ಕೈ ಹಾಕಿ, ಮೂಸಿ ನೋಡಿ, ನನ್ನನ್ನು ನೋಡಿ, ಬಾಟಲಿಯನ್ನು ಹಿತ್ತಲಿಗೆ ಒಗೆದಳು. ಅದು ವಿಷದ ಬೀಜ. ಅಮ್ಮನ ಮೂಗು ಚುರುಕಾಗಿದ್ದುದರಿಂದ ಈ ಪ್ರಬಂಧ ಬರೆಯಲು ನಾನು ಉಳಿದಿದ್ದೇನೆ.

ಮೂಗು ಅಂದಾಗ ನೆನಪಾಯಿತು. ನಾಮಕರಣದ ಮನೆಗಳಲ್ಲಿ ಊಟಕ್ಕೆ ಎಲೆ ಹಾಕುವ ಮುನ್ನ ಇನ್ನೊಂದು ಹಂಚಿಕೆ ನಡೆಯುತ್ತದೆಯಲ್ಲ, ನೋಡಿದ್ದೀರಾ? ತೊಟ್ಟಿಲ ಸುತ್ತ ಎರಡೂ ಕಡೆಯ ಬೀಗರು ಸೇರಿ, ಕಣ್ಣು ಅವರಮ್ಮಂದು, ಹುಬ್ಬು ಸೋದರಮಾವಂದು ಎಂದು ಕೂಸನ್ನು ಭಾಗ ಮಾಡಿಕೊಳ್ಳುತ್ತಾರೆ. ಹಠ ಮಾತ್ರ ಯಾವಾಗಲೂ ಎದುರು ಪಕ್ಷದ್ದು. ನಾನು ಹುಟ್ಟಿದಾಗ ಈ ಮೂಗು ಯಾರದೆಂದು ಯಾರೂ ಒಪ್ಪಿಕೊಳ್ಳಲು ತಯಾರಿರಲಿಲ್ಲವಂತೆ. ಕೊನೆಗೆ ಯಾರೋ ಹಜಾರದ ಗೋಡೆಯ ಮೇಲಿದ್ದ ಮುತ್ತಜ್ಜನ ಪಟದ ಕಡೆ ಬೆರಳು ತೋರಿಸಿದರಂತೆ. ಮಗನನ್ನೂ ಮೊಮ್ಮಗನನ್ನೂ ದಾಟಿ, ಅವರಿಬ್ಬರ ಮುಖದಲ್ಲಿ ಸುಳಿವೂ ಕೊಡದೆ, ಒಂದು ಮೂಗು ಇಷ್ಟು ದೂರ ಹೇಗೆ ನಡೆದು ಬಂತು? ಮನುಷ್ಯರ ಮೂಗಿನ ಲೆಕ್ಕ ಬಹಳ ತೊಡಕಿನದು, ಹತ್ತಾರು ಕೈಗಳ ಕೆಲಸ ಅದರಲ್ಲಿದೆ. ಆದರೆ ಮುಚ್ಚಿಕೊಂಡು ಹೋಗಿ ಮುಂದೆಲ್ಲೋ ತಲೆಯೆತ್ತುವ ಈ ಚಾಳಿಯನ್ನು ಗಿಡಗಳಲ್ಲಿ ಹೂ ಎಣಿಸಿಯೇ ತೋರಿಸಬಹುದು.

ಅಪ್ಪ ಅಮ್ಮಂದಿರ ಗುಣಗಳು ಮಕ್ಕಳಲ್ಲಿ ಡಿಕಾಕ್ಷನ್ನೂ ಹಾಲೂ ಬೆರೆತಂತೆ ಬೆರೆಯುತ್ತವೆ ಎಂದು 19ನೇ ಶತಮಾನದ ಘನಪಂಡಿತರೂ ಹೆಚ್ಚುಕಡಿಮೆ ನಂಬಿದ್ದರು. ನೋಡುವುದಕ್ಕೆ ಸಂಜೆಮಲ್ಲಿಗೆ ಅವರ ಪಕ್ಷವನ್ನೇ ವಹಿಸಿದಂತಿದೆ. ಅಪ್ಪಟ ಕೆಂಪಿನದಕ್ಕೂ ಅಪ್ಪಟ ಬಿಳಿಯದಕ್ಕೂ ಪರಾಗ ಕೂಡಿಸಿದರೆ ಮಕ್ಕಳೆಲ್ಲ ಗುಲಾಬಿ. ಸರಿಯಾಯಿತಲ್ಲ, ಕಾಫಿ ಸಿದ್ಧ! ಆದರೆ ಕಲಸಿದ ಕಾಫಿಯಿಂದ ಹಾಲನ್ನು ಮತ್ತೆ ಹೊರತೆಗೆಯಲು ಬ್ರಹ್ಮನಿಗೂ ಸಾಧ್ಯವಿಲ್ಲ. ಈ ಗುಲಾಬಿಯ ಬೀಜ ಬಿತ್ತಿದರೆ ಅಜ್ಜನ ಕೆಂಪು ಕೆಂಪಾಗಿಯೇ, ಅಜ್ಜಿಯ ಬಿಳಿ ಬಿಳಿಯಾಗಿಯೇ, ಕಿಂಚಿತ್ತೂ ಕಲೆಯಿಲ್ಲದೆ ಹೊರಬರುತ್ತವೆ. ಅಂದಮೇಲೆ ಅವು ಬೆರೆತೇ ಇರಲಿಲ್ಲ. ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿಕೊಂಡಿದ್ದವು, ಅಷ್ಟೆ.

ಜರ್ಮನಿಯ ಕಾರ್ಲ್ ಕೊರೆನ್ಸ್ ಎಂಬಾತ ಇದೇ ಗಿಡದಲ್ಲಿ ಈ ಲೆಕ್ಕ ಹಾಕಿದ. ಪ್ರತಿ ಗಿಡದಲ್ಲೂ ಬಣ್ಣದ ಅಪ್ಪಣೆಚೀಟಿ ಎರಡೆರಡು, ತಾಯಿ ಕಡೆಯದೊಂದು, ತಂದೆ ಕಡೆಯದೊಂದು. ಮುಂದಿನ ಪೀಳಿಗೆಗೆ ಕೊಡುವಾಗ ಎರಡರಲ್ಲಿ ಒಂದನ್ನು ಮಾತ್ರ ಕೊಡಬೇಕು. ಗುಲಾಬಿ ಗಿಡದ ಹತ್ತಿರ ಒಂದು ಕೆಂಪಿನ ಚೀಟಿ, ಒಂದು ಬಿಳಿಯ ಚೀಟಿ ಇರುತ್ತವೆ. ಅದು ತನ್ನ ಪರಾಗದಿಂದ ತಾನೇ ಬೀಜ ಕಟ್ಟಿದರೆ ಕೆಂಪು ಕೆಂಪು ಸೇರಿದ್ದು ಒಂದು ಪಾಲು, ಬಿಳಿ ಬಿಳಿ ಸೇರಿದ್ದು ಒಂದು ಪಾಲು, ಅದಲು ಬದಲು ಸೇರಿ ಗುಲಾಬಿಯಾದದ್ದು ಎರಡು ಪಾಲು. ಸಂಜೆಮಲ್ಲಿಗೆಗೆ ಸ್ವಂತ ಪರಾಗವೇನೂ ದುರ್ಲಭವಲ್ಲ. ಪತಂಗ ಬಾರದಿದ್ದರೂ, ಬೆಳಿಗ್ಗೆ ಹೂ ಮುದುಡುವಾಗ ಅದರ ಕೇಸರವೂ ಶಲಾಕೆಯೂ ಒಟ್ಟಿಗೇ ಸುರುಳಿ ಸುತ್ತಿಕೊಂಡು ಕೆಲಸ ಮುಗಿಸುತ್ತವೆ.

ಇದನ್ನೆಲ್ಲ ಗೋಡೆಯ ಈಚೆ ನಿಂತು ಅಜ್ಜಿಗೆ ಒಪ್ಪಿಸಿದೆ. ಅವರು ತಾಳ್ಮೆಯಿಂದ ಕೇಳಿ, ತಮ್ಮ ಅಂಗಳದ ಗಿಡಗಳನ್ನು ಎಣಿಸಿ, "ನಿನ್ನ ಲೆಕ್ಕ ತಾಳೆಯಾಗಲ್ವಲ್ಲೋ" ಎಂದರು. ಆಗಲಿಲ್ಲ ನಿಜ. ಬಿಳಿಯದು ಅತಿಯಾಗಿತ್ತು. ನಾಣ್ಯ ಚಿಮ್ಮಿದರೆ ಮೊದಲ ನಾಲ್ಕು ಸಲವೂ ರಾಜನೇ ಬೀಳಬಹುದು, ಸಾವಿರ ಸಲ ಚಿಮ್ಮಿದರೆ ತಾನೇ ಸಮವಾಗುವುದು. ಸಾವಿರ ಸಂಜೆಮಲ್ಲಿಗೆಗೆ ನಮ್ಮ ಎರಡೂ ಮನೆ ಕೆಡವಿದರೂ ಜಾಗ ಸಾಲದು.

ಆ ತಾಳ್ಮೆ, ಆ ಜಾಗ ಎರಡೂ ಇದ್ದವನು ಗ್ರೆಗೋರ್ ಮೆಂಡೆಲ್. 1822ರಲ್ಲಿ ರೈತನ ಮಗನಾಗಿ ಹುಟ್ಟಿ, ಇಂದಿನ ಚೆಕ್ ದೇಶದ ಬ್ರನೋ ಊರಿನ ಮಠ ಸೇರಿದ ಸನ್ಯಾಸಿ. 1850ರಲ್ಲಿ ಮೇಷ್ಟ್ರಾಗುವ ಪರೀಕ್ಷೆಗೆ ಕಟ್ಟಿ ನಪಾಸಾದ. 1856ರಲ್ಲಿ ಮತ್ತೆ ಕೂತ, ಆಗಲೂ ದಡ ಮುಟ್ಟಲಿಲ್ಲ. ನಪಾಸಾದವರ ಮೇಲೆ ನನಗೆ ಮೊದಲಿಂದಲೂ ಸಹಜವಾದ ಒಂದು ಬಂಧುಪ್ರೀತಿ. ಅದೇ ವರ್ಷ ಆತ ಮಠದ ಹಿತ್ತಲಿನಲ್ಲಿ ಬಟಾಣಿ ಹಿಡಿದು ಕೂತ. ಅದಕ್ಕೂ ಮೊದಲೇ ಅಂಗಡಿಗಳಿಂದ 34 ತಳಿ ತರಿಸಿ, ಎರಡು ವರ್ಷ ಬರೀ ಅವುಗಳ ಶುದ್ಧಿ ಪರೀಕ್ಷಿಸಿ, 22ನ್ನು ಇಟ್ಟುಕೊಂಡಿದ್ದ. ಬಟಾಣಿ ಹೂ ಬಾಗಿಲು ಹಾಕಿಕೊಂಡು ಒಳಗೇ ಪರಾಗಸ್ಪರ್ಶ ಮುಗಿಸುವ ಸಂಕೋಚದ ಹೂವು, ಹೊರಗಿನವರ ಕಾಟ ಕಡಿಮೆ. ಮೊಗ್ಗಿರುವಾಗಲೇ ಚಿಮಟದಿಂದ ಬಿಡಿಸಿ, ಗಂಡುಭಾಗ ಕಿತ್ತು, ಬೇಕಾದ ಗಿಡದ ಪರಾಗ ಸವರಿ, ಚೀಲ ಕಟ್ಟಿದರೆ ಜಾತಕ ಪಕ್ಕಾ. ಹೀಗೆ ಎಂಟು ವರ್ಷದಲ್ಲಿ ಅವನ ಕೈ ಹಾದು ಹೋದ ಗಿಡಗಳು ಸುಮಾರು 28,000.

ಅವನ ಜಾಣತನವಿದ್ದುದು ಎಣಿಸುವುದರಲ್ಲಿ. ಉರುಟು ಕಾಳಿನ ತಳಿಯನ್ನೂ ಸುಕ್ಕು ಕಾಳಿನ ತಳಿಯನ್ನೂ ಕೂಡಿಸಿದ. ಮೊದಲ ಪೀಳಿಗೆಯ ಕಾಳೆಲ್ಲ ಉರುಟು, ಸುಕ್ಕಿನ ಹೆಸರೇ ಇಲ್ಲ. ಬೇರೆಯವರಾಗಿದ್ದರೆ ಸುಕ್ಕು ಹಾಳಾಗಿ ಹೋಯಿತು ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಇವನು ಅವನ್ನೇ ಬಿತ್ತಿ ಮುಂದಿನ ಫಸಲು ಎಣಿಸಿದ. ಉರುಟು 5,474, ಸುಕ್ಕು 1,850. ಮೂರಕ್ಕೆ ಒಂದು! ಅಲ್ಲಿಗೂ ಬಿಡಲಿಲ್ಲ. ಉರುಟಾಗಿ ಕಾಣುವವೆಲ್ಲ ಒಳಗೂ ಉರುಟೇ ಎಂಬ ಭರವಸೆ ಏನು? ಅವುಗಳಿಂದ 565 ಗಿಡ ಬೆಳೆಸಿ ನೋಡಿದ. 193 ಗಿಡಗಳು ಬರೀ ಉರುಟನ್ನೇ ಕೊಟ್ಟವು. 372 ಗಿಡಗಳು ಎರಡನ್ನೂ ಕೊಟ್ಟು ಗುಟ್ಟು ಬಿಟ್ಟುಕೊಟ್ಟವು. ಕಾಳಿನ ಆಕಾರ, ಬಣ್ಣ ಎರಡನ್ನೂ ಒಟ್ಟಿಗೆ ಹಿಡಿದು ನೋಡಿದಾಗ ಅವು ಒಂದರ ಸೆರಗು ಒಂದು ಹಿಡಿಯದೆ ತಂತಮ್ಮ ಪಾಡಿಗೆ ಹಂಚಿಹೋದವು. 556 ಕಾಳಿನಲ್ಲಿ 32 ಮಾತ್ರ ಸುಕ್ಕೂ ಹೌದು, ಹಸಿರೂ ಹೌದು.

ಸುಕ್ಕು ಅಂದರೆ ಕಳಪೆ ಅಂದುಕೊಳ್ಳಬೇಡಿ. ಉರುಟು ಕಾಳಿನಲ್ಲಿ ಸಕ್ಕರೆಯೆಲ್ಲ ಪಿಷ್ಟವಾಗಿ ಗಟ್ಟಿಯಾಗುತ್ತದೆ. ಸುಕ್ಕು ಕಾಳಿನಲ್ಲಿ ಆ ಕೆಲಸ ಮಾಡುವ ಒಂದು ಕಿಣ್ವ ಕೆಟ್ಟಿರುತ್ತದೆ. ಸಕ್ಕರೆ ಉಳಿದು, ನೀರು ಹೆಚ್ಚು ಹೀರಿ ಉಬ್ಬಿ, ಒಣಗಿದಾಗ ಕುಗ್ಗಿ ಸುಕ್ಕಾಗುತ್ತದೆ. ಇದನ್ನು ಇಂಗ್ಲೆಂಡಿನ ವಿಜ್ಞಾನಿಗಳು ಪತ್ತೆಹಚ್ಚಿದ್ದು 1990ರಲ್ಲಿ. ಎಲ್ಲಿಂದಲೋ ಹಾರಿಬಂದ ಡಿಎನ್‌ಎ ತುಣುಕೊಂದು ಆ ಕಿಣ್ವದ ಜೀನಿನ ನಡುವೆ ಬಂದು ಕೂತಿತ್ತಂತೆ. ಹಸಿಯಾಗಿದ್ದಾಗ ಸಿಹಿ ಹೆಚ್ಚಿರುವುದು ಸುಕ್ಕಿನದಕ್ಕೇ. ಪಲಾವಿನಲ್ಲಿ ಬಟಾಣಿ ಹೆಕ್ಕಿ ಹೆಕ್ಕಿ ತಿನ್ನುವವರು ಆ ತುಣುಕಿಗೆ ಕೃತಜ್ಞರಾಗಿರಬೇಕು.

1865ರ ಫೆಬ್ರವರಿ, ಮಾರ್ಚ್‌ನಲ್ಲಿ ಮೆಂಡೆಲ್ ಊರ ವಿಜ್ಞಾನ ಸಂಘದಲ್ಲಿ ಇದನ್ನು ಓದಿದ, ಮರುವರ್ಷ ಅಚ್ಚಾಯಿತು. 40 ಪ್ರತಿ ಮಾಡಿಸಿಕೊಂಡು ದೊಡ್ಡವರಿಗೆ ಕಳಿಸಿದ. ಮ್ಯೂನಿಕ್‌ನ ಪ್ರೊಫೆಸರ್ ನೇಗೆಲಿ ಸಾಹೇಬರು ಉತ್ತರವೇನೋ ಬರೆದರು, ಜೊತೆಗೆ ಹಾಕ್‌ವೀಡ್ ಎಂಬ ಕಳೆಗಿಡದ ಮೇಲೆ ಪ್ರಯೋಗ ಮಾಡುವಂತೆ ಹುರಿದುಂಬಿಸಿದರು. ಆ ಗಿಡವೋ ಹೆಚ್ಚಾಗಿ ಪರಾಗದ ಹಂಗಿಲ್ಲದೆಯೇ ಬೀಜ ಕಟ್ಟುವ ಜಾತಿ. ಸನ್ಯಾಸಿ ಕಣ್ಣು ಕೆಡಿಸಿಕೊಂಡು ಹೆಣಗಿದರೂ ಲೆಕ್ಕ ಕೂಡಲಿಲ್ಲ. ಪಂಡಿತರ ಸಲಹೆ ಕೇಳಿ ಹಾಳಾದವರಲ್ಲಿ ಇವನೇ ಮೊದಲನೆಯವನೇನಲ್ಲ. ಸಂಜೆಮಲ್ಲಿಗೆಯನ್ನೂ ಆತ ಬಿಟ್ಟಿರಲಿಲ್ಲ. ಒಂದು ಬೀಜ ಕಟ್ಟಲು ಪರಾಗದ ಒಂದೇ ಒಂದು ಕಣ ಸಾಕೆಂದು ಅದರಲ್ಲಿ ತೋರಿಸಿದ. ಆಮೇಲೆ ಮಠಾಧಿಪತಿಯಾಗಿ, ಸರ್ಕಾರದೊಡನೆ ತೆರಿಗೆಯ ಜಗಳ ಕಾಯುತ್ತಲೇ 1884ರಲ್ಲಿ ತೀರಿಕೊಂಡ. 1900ರಲ್ಲಿ ಮೂವರು ಬೇರೆ ಬೇರೆಯಾಗಿ ಅದೇ ಲೆಕ್ಕಕ್ಕೆ ಬಂದು ನೋಡಿದರೆ, ಸನ್ಯಾಸಿ ಆಗಲೇ ಬರೆದಿಟ್ಟಿದ್ದಾನೆ! ಮೂವರಲ್ಲಿ ಒಬ್ಬ ನಮ್ಮ ಕೊರೆನ್ಸ್. ಈತ ನೇಗೆಲಿಯ ಶಿಷ್ಯ, ಮದುವೆಯಾದದ್ದೂ ನೇಗೆಲಿಯ ಬಂಧುಗಳ ಹುಡುಗಿಯನ್ನೇ. ಗುರುವಿನ ಮೇಜಿನ ಮೇಲೆ ಮಲಗಿದ್ದ ಸತ್ಯವನ್ನು ಮನೆಯ ಅಳಿಯ ಎಬ್ಬಿಸಿದಂತಾಯಿತು.

ಅಜ್ಜಿಗೆ ಈ ಪುರಾಣವೆಲ್ಲ ಬೇಕಿರಲಿಲ್ಲ. "ಅಂದ್ರೆ ಮಾವಿನ ಓಟೆ ಇದ್ದ ಹಾಗೆ ಅನ್ನು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಬಾದಾಮಿ ಹಣ್ಣು ತಿಂದು ಓಟೆ ಊರಿದರೆ ಬಾದಾಮಿಯೇ ಬರುತ್ತದೆಂಬ ಖಾತ್ರಿ ಇಲ್ಲ, ಹುಳಿಯೂ ಬಂದೀತು, ನಾರೂ ಬಂದೀತು. ಅದಕ್ಕೇ ಕಸಿ ಕಟ್ಟುವುದು. ಕಸಿಯಲ್ಲಿ ಚೀಟಿ ಹಂಚುವ ಪ್ರಶ್ನೆಯೇ ಇಲ್ಲ, ಮರ ತಾನೇ ಇನ್ನೊಂದು ಜಾಗದಲ್ಲಿ ಎದ್ದು ನಿಲ್ಲುತ್ತದೆ. ಹಾಗೆಂದು ಓಟೆಯನ್ನು ಹಳಿಯುವಂತಿಲ್ಲ. ನೀಲಂ ತಾಯಿಗೆ ದಶೇರಿಯ ಪರಾಗ ಕೊಟ್ಟು, ಹುಟ್ಟಿದ ಓಟೆಗಳನ್ನು ಬೆಳೆಸಿ ಆರಿಸಿದ್ದರಿಂದಲೇ ಮಲ್ಲಿಕಾ ಸಿಕ್ಕಿತು. ತಾಯಿ ತಂದೆಯನ್ನು ಅದಲುಬದಲು ಮಾಡಿದಾಗ ಆಮ್ರಪಾಲಿ. ಅಜ್ಜಿಗೆ ನಾನು ಕೊಡಬೇಕಾಗಿದ್ದುದು ಬೀಜವಲ್ಲ, ಗಿಡದ ಬುಡದ ಗೆಡ್ಡೆ. ಅದರಲ್ಲಾದರೆ ಅದೇ ಗುಲಾಬಿ ಎದ್ದು ಬರುತ್ತಿತ್ತು.

ಹೈಬ್ರಿಡ್ ಟೊಮೇಟೊ ಬೆಳೆಯುವ ರೈತರು ಬೀಜ ಹಿಡಿಯದೆ ಪ್ರತಿ ಸಲ ಅಂಗಡಿಗೆ ಓಡುವುದೂ ಇದೇ ಕಾರಣಕ್ಕೆ. ಮೊದಲ ಪೀಳಿಗೆ ಅಚ್ಚು ಹೊಯ್ದಂತೆ ಒಂದೇ ಸಮ, ಅದರ ಮಕ್ಕಳು ನಾನಾ ಥರ. ಆ ಬೀಜ ತಯಾರಾಗುವುದನ್ನು ನೋಡಬೇಕೆಂದರೆ ರಾಣೆಬೆನ್ನೂರಿನ ಕಡೆಗೆ ಹೋಗಿ. ಹೆಣ್ಣುಮಕ್ಕಳು ಚಿಮಟ ಹಿಡಿದು, ನಾಳೆ ಅರಳುವ ಮೊಗ್ಗನ್ನು ಇವತ್ತೇ ಬಿಡಿಸಿ, ಗಂಡುಭಾಗ ತೆಗೆದು, ಮರುದಿನ ಪರಾಗ ಮುಟ್ಟಿಸುತ್ತಾರೆ. ಕ್ರಾಸಿಂಗ್ ಕೆಲಸ ಅನ್ನುತ್ತಾರೆ ಅವರು. ಮೆಂಡೆಲನ ಹೆಸರು ಕೇಳಿಲ್ಲದಿರಬಹುದು, ಅವನ ಕೈಕೆಲಸ ಮಾತ್ರ ಪರೀಕ್ಷೆಗೆ ಮೂರಕ್ಕೊಂದು ಬಾಯಿಪಾಠ ಮಾಡಿದ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

ರಾಗಿಯ ಕಥೆ ಬೇರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ನೆಂಟಸ್ತಿಕೆ ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇವು ಬೆರಕೆಯಿಂದಲೇ ಹುಟ್ಟಿದವಾದರೂ ರೈತ ತನ್ನ ಕಣಜದಿಂದಲೇ ಬೀಜ ತೆಗೆದು ಬಿತ್ತಬಹುದು. ರಾಗಿ ತನ್ನ ಪರಾಗದಲ್ಲೇ ಕಾಳು ಕಟ್ಟುವ ಬೆಳೆ. ಹೀಗೆ ತನ್ನಲ್ಲೇ ಬೀಜ ಕಟ್ಟುತ್ತ ಹೋದರೆ ಪ್ರತಿ ಪೀಳಿಗೆಗೂ ಇಬ್ಬಂದಿತನ ಅರ್ಧಕ್ಕಿಳಿಯುತ್ತದೆ. ಮೆಂಡೆಲ್ ಇದನ್ನೂ ಲೆಕ್ಕ ಹಾಕಿಟ್ಟಿದ್ದ. ಹತ್ತನೆಯ ಪೀಳಿಗೆಗೆ 2,048 ಗಿಡಗಳಲ್ಲಿ ಎರಡು ಚೀಟಿ ಬೇರೆ ಬೇರೆ ಇರುವವು ಎರಡೇ ಎರಡು. ಉಳಿದವೆಲ್ಲ ಈ ಕಡೆಗೋ ಆ ಕಡೆಗೋ ನೆಲೆ ನಿಂತಿರುತ್ತವೆ. ಅಷ್ಟು ಹೊತ್ತಿಗೆ ಆರಿಸುವವನ ಕಣ್ಣು ಚುರುಕಾಗಿದ್ದರೆ ತಳಿ ಸಿದ್ಧ.

ಇಷ್ಟೆಲ್ಲ ಹೇಳಿದ ಮೇಲೆ ಕೊರೆನ್ಸನ ಇನ್ನೊಂದು ತಕರಾರನ್ನು ಮುಚ್ಚಿಡುವುದು ಸರಿಯಲ್ಲ. 1909ರಲ್ಲಿ ಆತ ಇದೇ ಸಂಜೆಮಲ್ಲಿಗೆಯ ಎಲೆಯ ಕಡೆ ತಿರುಗಿದ. ಕೆಲವು ಗಿಡಗಳಲ್ಲಿ ಒಂದು ಕೊಂಬೆ ಹಸಿರು, ಒಂದು ಬಿಳಿಚು, ಒಂದು ಚುಕ್ಕೆ ಚುಕ್ಕೆ. ಹಸಿರು ಕೊಂಬೆಯ ಹೂವಿಗೆ ಯಾವ ಕೊಂಬೆಯ ಪರಾಗ ಹಾಕಿದರೂ ಹಸಿರು ಸಸಿಯೇ. ಬಿಳಿಚು ಕೊಂಬೆಯ ಹೂವಿಗೆ ಎಂಥ ಹಸಿರು ವರನನ್ನು ತಂದರೂ ಬಿಳಿಚು ಸಸಿಯೇ. ಚುಕ್ಕೆ ಕೊಂಬೆಯದಕ್ಕೆ ಮೂರೂ ಥರ. ಮೂರಕ್ಕೊಂದೂ ಇಲ್ಲ, ಒಂದಕ್ಕೆರಡೂ ಇಲ್ಲ. ಎಲೆಗೆ ಹಸಿರು ಕೊಡುವ ಹರಿತ್ಕಣಗಳು ಈ ಗಿಡದಲ್ಲಿ ತಾಯಿಯ ಅಂಡದ ಮೂಲಕವೇ ಬರುತ್ತವೆ, ಪರಾಗಕ್ಕೆ ಅಲ್ಲಿ ಪ್ರವೇಶವಿಲ್ಲ. ಸ್ಕೂಲಿಗೆ ಸೇರಿಸುವ ಅರ್ಜಿಯನ್ನು ಈ ಎಲೆಗಳು ತುಂಬಬೇಕಾಗಿ ಬಂದಿದ್ದರೆ ತಂದೆಯ ಹೆಸರಿನ ಮುಂದೆ ಗೀಟೆಳೆದು ತಾಯಿಯ ಸಾಲಿಗೆ ನೇರವಾಗಿ ಇಳಿಯುತ್ತಿದ್ದವು. ಬಿಳಿಚು ಸಸಿಗಳಿಗೆ ಅರ್ಜಿ ತುಂಬುವಷ್ಟು ಆಯುಸ್ಸೂ ಇರುವುದಿಲ್ಲ, ಹಸಿರಿಲ್ಲದೆ ಅನ್ನ ಬೇಯಿಸಿಕೊಳ್ಳಲಾರದೆ, ಬೀಜದಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿ ಮುಗಿದೊಡನೆ ಬಾಡುತ್ತವೆ.