ಕಣ್ಣು ಹೊಡೆಯುವ ಗೆರೆ

ಕೀಲಿಮಣೆಯ ಮೂಲೆಯಲ್ಲಿ ಹಿಂದಕ್ಕೆ ವಾಲಿಕೊಂಡು ಕೂತಿರುವ ಬ್ಯಾಕ್‌ಸ್ಲ್ಯಾಶ್ (\) ಇದೆಯಲ್ಲ, ಪ್ರೋಗ್ರಾಮಿನೊಳಗೆ ಅದರ ಕೆಲಸ ಕಣ್ಣು ಹೊಡೆಯುವುದು. 'ಮುಂದೆ ಬರುವವನನ್ನು ಇದ್ದ ಹಾಗೇ ನಂಬಬೇಡ' ಎಂದು ಕಂಪೈಲರಿಗೆ ಸನ್ನೆ. ಎನ್ ಅಕ್ಷರದ ಹಿಂದೆ ನಿಂತರೆ ಹೊಸ ಸಾಲು, ಟಿ ಹಿಂದೆ ನಿಂತರೆ ಟ್ಯಾಬ್. ಉದ್ಧರಣ ಚಿಹ್ನೆಯ ಹಿಂದೆ ನಿಂತರೆ, 'ಮಾತು ಇನ್ನೂ ಮುಗಿದಿಲ್ಲ, ತಡಿ' ಎಂದರ್ಥ.

ಪಾಪ, ಅದು ಹುಟ್ಟಿದ್ದು ಇದಕ್ಕಲ್ಲ. 1961ರಲ್ಲಿ ಬಾಬ್ ಬೆಮರ್ ಅದನ್ನು ಆಸ್ಕಿ ಪಟ್ಟಿಗೆ ಸೇರಿಸಲು ಹೊರಟಿದ್ದು ಆಲ್ಗಾಲ್ ಭಾಷೆಯ 'ಮತ್ತು', 'ಅಥವಾ' ಗುರುತುಗಳನ್ನು /\ ಮತ್ತು \/ ಎಂದು ಬರೆಯಲಿಕ್ಕೆ. ಕೆನ್ ಥಾಂಪ್ಸನ್ನರ ಬಿ ಭಾಷೆಯಲ್ಲಿ ಕಣ್ಣು ಹೊಡೆಯುತ್ತಿದ್ದದ್ದು ನಕ್ಷತ್ರ ಚಿಹ್ನೆ. ಸಿ ಭಾಷೆ ಬಂದಾಗ ಆ ಕೆಲಸ ಬ್ಯಾಕ್‌ಸ್ಲ್ಯಾಶಿನ ಕೊರಳಿಗೆ ಬಿತ್ತು. ಪ್ಯಾಸ್ಕಲ್ ಮಾತ್ರ ಮರ್ಯಾದಸ್ಥ ಮನೆತನದ್ದು. ಸನ್ನೆಗಿನ್ನೆ ಇಲ್ಲ, ಉದ್ಧರಣ ಚಿಹ್ನೆ ಬೇಕಾದರೆ ಎರಡು ಸಲ ಬರಿ ಅನ್ನುತ್ತದೆ.

1983ರ ಎಂಎಸ್-ಡಾಸ್ ಫೋಲ್ಡರುಗಳ ನಡುವೆ ಇದೇ ಗೆರೆಯನ್ನು ನೆಟ್ಟಿತು. ಅಲ್ಲಿಂದ ಶುರುವಾಯಿತು ಗ್ರಹಚಾರ. ಸಿ:\ನ್ಯೂ\ಟೇಬಲ್ ಎಂದು ಪ್ರೋಗ್ರಾಮಿನೊಳಗೆ ಇಂಗ್ಲಿಷ್ ಸಣ್ಣಕ್ಷರದಲ್ಲಿ ಬರೆದು ಪ್ರಿಂಟ್ ಮಾಡಿ ನೋಡಿ: ಮೇಲೊಂದು ಒಂಟಿ 'ಸಿ:', ಕೆಳಗಿನ ಸಾಲಿನಲ್ಲಿ ತಲೆ ಹೋದ 'ನ್ಯೂ', ಒಂದಷ್ಟು ಬಯಲು, ಆಚೆ ದಡದಲ್ಲಿ 'ಏಬಲ್'. ಎರಡು ಗೆರೆ ಎಳೆದರೆ ಸರಿಹೋಗುತ್ತದೆ, ನಿಜ. ಆದರೆ ಪಠ್ಯದೊಳಗೆ ಮಾದರಿ ಹುಡುಕುವ ರೆಜೆಕ್ಸಿನಲ್ಲಿ ಒಂದೇ ಒಂದು ಬ್ಯಾಕ್‌ಸ್ಲ್ಯಾಶ್ ಹುಡುಕಬೇಕೆಂದರೆ ಜಾವಾದಲ್ಲಿ ನಾಲ್ಕು ಬೇಕು. ಸ್ಟ್ರಿಂಗ್ ಎರಡನ್ನು ನುಂಗುತ್ತದೆ, ಉಳಿದೆರಡರಲ್ಲಿ ರೆಜೆಕ್ಸ್ ಒಂದನ್ನು ನುಂಗುತ್ತದೆ. ಮೇಲಿನಿಂದ ಮಂಜೂರಾದ ಅನುದಾನ ಊರು ತಲುಪುವ ಲೆಕ್ಕ. ಇದೇ ಜಾವಾದಲ್ಲಿ ಬರೀ ಕಾಮೆಂಟಿನೊಳಗೆ ಸಣ್ಣಕ್ಷರದಲ್ಲಿ ಸಿ:\ಯೂಸರ್ಸ್ ಎಂದು ಬರೆದರೂ, '\ಯು ಆದಮೇಲೆ ನಾಲ್ಕು ಹೆಕ್ಸ್ ಅಂಕೆ ಎಲ್ಲಿ?' ಎಂದು ಕಂಪೈಲರು ಧರಣಿ ಕೂರುತ್ತದೆ. ಕಾಮೆಂಟ್ ಯಾವುದು, ಕೋಡ್ ಯಾವುದು ಎಂದು ನೋಡುವ ಮೊದಲೇ ಅದು ಯೂನಿಕೋಡ್ ಸನ್ನೆಗಳನ್ನು ಬಿಡಿಸುತ್ತದೆ.

ನಮ್ಮ ಕನ್ನಡಕ್ಕೂ ಇದರ ಬಿಸಿ ತಟ್ಟಿದೆ. ಪೈಥಾನಿನ ಕೈಗೆ 'ಕನ್ನಡ' ಕೊಟ್ಟು ಜೆಸನ್ ಮಾಡು ಎಂದರೆ, ಬೇರೇನೂ ಹೇಳದಿದ್ದರೆ, ಕ ಅಕ್ಷರ \ಯು0ಸಿ95 ಆಗುತ್ತದೆ. ಒತ್ತಿನ ಹಲಂತಕ್ಕೂ ಪ್ರತ್ಯೇಕ ಸನ್ನೆ. ಮೂರಕ್ಷರದ ಪದ 30 ಚಿಹ್ನೆಗಳ ಸರಪಳಿ. ಇದೇನು ಮಾರಾಯ ಎಂದು ನಮ್ಮ ಆಫೀಸಿನ ಹುಡುಗನನ್ನು ಕೇಳಿದೆ. ಅವನು ಸ್ಕ್ರೀನಿನಿಂದ ಮುಖ ಎತ್ತದೆ, "ಡೇಟಾ ಸರಿಯಾಗೇ ಇದೆ ಸಾರ್, ನೀವು ಓದಬಾರದು ಅಷ್ಟೆ" ಅಂದ.